ಮಂಗಳಾಳ ತಲೆಯ ಮೂರು ಚಿತ್ರಗಳು

ಎಂಆರ್‌ಐ ಕೋಣೆಯಲ್ಲಿ ಕೆಲಸ ಮಾಡುವವರಿಗೆ ರೋಗಿಯ ಮುಖ ಕಾಣುವುದಿಲ್ಲ. ತಲೆ ಯಂತ್ರದೊಳಗೆ ಹೋಗಿರುತ್ತದೆ. ಗಾಜಿನ ಈಚೆ ಕುಳಿತ ನಮಗೆ ಕಾಣುವುದು ಎರಡು ಅಂಗಾಲು. ಕೊಳ್ಳೇಗಾಲದ ಒಂದು ಸ್ಕ್ಯಾನ್ ಸೆಂಟರಿನಲ್ಲಿ ನಿವೃತ್ತಿಯಾಗುವವರೆಗೂ ನಾನು ನೋಡಿದ್ದು ಹೆಚ್ಚಾಗಿ ಅಂಗಾಲುಗಳನ್ನೇ. ಗದ್ದೆಯ ಕೆಸರಿನ ಕರೆ ಹೋಗದ ಕಾಲು, ಗೂಡು ಬೇಯಿಸುವ ಬಿಸಿನೀರು ಸಿಡಿದ ರೇಷ್ಮೆ ಕೆಲಸದವರ ಕಾಲು, ಬಿಳಿಗಿರಿರಂಗನ ಬೆಟ್ಟದಿಂದ ಇಳಿದು ಬಂದವರ ಮುಳ್ಳು ತುಳಿದ ಕಾಲು. ಹೆಬ್ಬೆರಳು ಸುಮ್ಮಸುಮ್ಮನೆ ಅಲುಗತೊಡಗಿದರೆ ಒಳಗಿರುವವರಿಗೆ ಭಯವಾಗಿದೆ ಎಂದು ಅರ್ಥ. ಆಗ ಮೈಕಿನಲ್ಲಿ ಮಾತಾಡಿಸುತ್ತಿದ್ದೆ. “ಇನ್ನೊಂದು ಚೂರು ಹೊತ್ತು ಅಷ್ಟೇ. ನಾನು ಇಲ್ಲೇ ಇದ್ದೀನಿ. ಅಲ್ಲಾಡಬೇಡಿ.” ಬೆರಳು ನಿಲ್ಲುತ್ತಿತ್ತು.

ಈ ಕೆಲಸಕ್ಕೆ ಈಗ ಸೇರುತ್ತಿರುವ ಮಕ್ಕಳು ಸಿಕ್ಕಿದಾಗೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: “ಈಗ ಕಂಪ್ಯೂಟರೇ ಮಿದುಳಿನ ಚಿತ್ರ ಓದುತ್ತದಂತೆ, ನಮಗೇನು ಉಳಿಯುತ್ತದೆ?” ಅದಕ್ಕೆ ನನ್ನಲ್ಲಿ ಚುಟುಕಾದ ಉತ್ತರವಿಲ್ಲ. ಕಂಡದ್ದನ್ನು ಬರೆಯಬಲ್ಲೆ, ಅಷ್ಟೆ.

ನಾನು ಯಳಂದೂರಿನವಳು. ಹೆಸರು ಸರೋಜಮ್ಮ. ಆದರೆ ಆಸ್ಪತ್ರೆಯಲ್ಲಿ ಸೀರೆಯ ಮೇಲೆ ಬಿಳಿ ಕೋಟು ಹಾಕಿದ ಹೆಂಗಸರೆಲ್ಲ ಜನರ ಬಾಯಲ್ಲಿ ‘ಸಿಸ್ಟರ್’. ಕೆಲಸ ಕಲಿತದ್ದು ಎಕ್ಸ್‌ರೇಯಲ್ಲಿ, ಕತ್ತಲೆ ಕೋಣೆಯ ಕೆಂಪು ದೀಪದ ಕೆಳಗೆ. ತೊಟ್ಟಿಯಲ್ಲಿ ಅದ್ದಿದ ಫಿಲ್ಮಿನ ಮೇಲೆ ಎಲುಬು ಮೆಲ್ಲಗೆ ಮೂಡಿ ಬರುವುದನ್ನು ನೋಡುತ್ತ ನಿಲ್ಲುವುದೆಂದರೆ ನನಗೆ ಬಲು ಇಷ್ಟ. ಆ ಔಷಧಿಯ ಹುಳಿ ವಾಸನೆ ಸಂಜೆ ಯಳಂದೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೂ ಬರುತ್ತಿತ್ತು. ಈಗ ಆ ವಾಸನೆ ಎಲ್ಲೂ ಇಲ್ಲ. ಉಪ್ಪಿನಕಾಯಿ ಜಾಡಿ ತೊಳೆಯುವಾಗ ಯಾವಾಗಲಾದರೊಮ್ಮೆ ಮೂಗಿಗೆ ಸುಳಿದಂತಾಗಿ ಕೈ ನಿಂತುಬಿಡುತ್ತದೆ.

ಆಮೇಲೆ ಸಿಟಿ ಸ್ಕ್ಯಾನ್ ಬಂತು, ಎಂಆರ್‌ಐ ಬಂತು. ನಮ್ಮಲ್ಲಿ ಚಿತ್ರಗಳನ್ನು ಓದುತ್ತಿದ್ದವರು ನಂಜುಂಡಯ್ಯ ಡಾಕ್ಟರು. ಬೆಳಕಿನ ಪೆಟ್ಟಿಗೆಗೆ ಫಿಲ್ಮ್ ಸಿಕ್ಕಿಸಿ, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಬಗ್ಗುತ್ತಿದ್ದರು. ಬಿಡುವಿದ್ದರೆ ನನ್ನನ್ನೂ ಕರೆಯುವರು.

“ಮಿದುಳು ಅಂದ್ರೆ ಒಬ್ಬನೇ ಮೇಸ್ತ್ರಿ ಕಟ್ಟಿದ ಅವಳಿ ಮನೆ ಸರೋಜಮ್ಮ. ಈ ಕಡೆ ಇರೋದು ಆ ಕಡೆ ಇಲ್ಲ ಅಂದ್ರೆ, ಯಾಕಿಲ್ಲ ಅಂತ ಕೇಳಬೇಕು.”

ಮೂರ್ಛೆಯವರು ಬಹಳ ಬರುತ್ತಿದ್ದರು. ಎಷ್ಟೋ ಜನರಲ್ಲಿ ಕಾರಣ ಎದುರಿಗೇ ಕಾಣುತ್ತಿತ್ತು. ಒಡೆಯರಪಾಳ್ಯದ ಟಿಬೆಟನ್ ಶಿಬಿರದಿಂದ ಬಂದಿದ್ದ ಒಬ್ಬ ಯುವಕನ ತಲೆಯಲ್ಲಿ ಕಾಳಿನಷ್ಟು ಗುಳ್ಳೆ, ಅದರ ನಡುವೆ ಲಾಡಿಹುಳುವಿನ ಮರಿಯ ಚುಕ್ಕೆ. ಚಿಕಿತ್ಸೆ ಮುಗಿಸಿ ಮತ್ತೆ ಬಂದಾಗ ಆ ಜಾಗ ಖಾಲಿ. ಅವನಿಗಿಂತ ಡಾಕ್ಟರಿಗೇ ಹೆಚ್ಚು ಖುಷಿ. ಹೀಗೆ ಮರಳಿ ಬರುವವರು ಕಡಿಮೆ. ನಮ್ಮ ಕೆಲಸದ ಕೊರಗೇ ಇದು. ಮನುಷ್ಯನ ತಲೆಯ ಒಳಗನ್ನೇ ನೋಡಿರುತ್ತೇವೆ, ಆದರೆ ಆಮೇಲೆ ಅವನಿಗೇನಾಯಿತು ಎಂದು ತಿಳಿಯುವುದಿಲ್ಲ. ಮಂಗಳ ಒಬ್ಬಳದು ಮಾತ್ರ ಕೊನೆಯವರೆಗೂ ತಿಳಿಯಿತು.

ಮೊದಲ ಸಲ ಬಂದಾಗ ಮಂಗಳ ಹೈಸ್ಕೂಲು ಹುಡುಗಿ. ಹನೂರಿನಾಚೆಯ ಹಳ್ಳಿ. ಅಪ್ಪನದು ಹಿಟ್ಟಿನ ಗಿರಣಿ. ಜೊತೆಗೆ ಬಂದವರು ತಾಯಿ ರಾಜಮ್ಮ. ಗಿರಣಿಯ ಬೀಗದ ಕೈ ಗೊಂಚಲು ಅವರ ಸೊಂಟದಲ್ಲೇ ಇರುತ್ತಿತ್ತು, ಮಗಳ ಮಣಿಕಟ್ಟು ಅವರ ಕೈಯಲ್ಲೇ ಇರುತ್ತಿತ್ತು. ನಡೆಯುವಾಗ, ಕೂರುವಾಗ, ಹೆಸರು ಬರೆಸುವಾಗ, ಒಂದು ಗಳಿಗೆಯೂ ಬಿಡಲಿಲ್ಲ.

ಮಂಗಳಾಳಿಗೆ ಮೂರ್ಛೆ ಬಂದರೆ ಕುತ್ತಿಗೆ ತಾನಾಗಿ ಎಡಕ್ಕೆ ತಿರುಗುತ್ತಿತ್ತು. ಎಡಗೈ ಯಾರನ್ನೋ ಕರೆಯುವ ಹಾಗೆ ಮೇಲೇಳುತ್ತಿತ್ತು. ಆಮೇಲೆ ಬೀಳುತ್ತಿದ್ದಳು. ಎಡ ಮೈಯನ್ನು ಆಡಿಸುವುದು ಬಲ ಮಿದುಳು, ಹಾಗಿದ್ದರೆ ಬಲಗಡೆಯಲ್ಲೇ ಎಲ್ಲೋ ಇದೆ ಎಂದು ನಂಜುಂಡಯ್ಯನವರು ಆ ಫಿಲ್ಮನ್ನು ಬಹಳ ಹೊತ್ತು ನೋಡಿದರು. ಕಾಫಿ ಆರಿ ಕೆನೆ ಕಟ್ಟಿತು. ಕೊನೆಗೆ ಸೋತವರಂತೆ ‘ನಾರ್ಮಲ್’ ಎಂದು ಬರೆದರು.

ರಾಜಮ್ಮ ರಿಪೋರ್ಟು ಹಿಡಿದು ನನ್ನ ಹತ್ತಿರ ಬಂದರು.

“ನಾರ್ಮಲ್ ಅಂದ್ರ ಏನವ್ವ? ಏನೂ ಇಲ್ಲ ಅಂತವಾ?”

“ಚಿತ್ರದಲ್ಲಿ ಏನೂ ಕಾಣ್ತಿಲ್ಲ ಅಂತ ಕಣವ್ವ.”

“ಏನೂ ಇಲ್ದೆ ಇದ್ರ ಯಾಕವ್ವ ಬೀಳ್ತಾಳ?”

ಸಂತೋಷಪಡಬೇಕಾದ ಪದ ಅವರ ಮನೆಯಲ್ಲಿ ಶಾಪವಾಯಿತು. ಊರಿನಲ್ಲಿ ಮೊದಲು ಗಾಳಿ ಸೋಕಿದೆ ಎನ್ನುತ್ತಿದ್ದವರು ರಿಪೋರ್ಟಿನ ವಿಷಯ ತಿಳಿದ ಮೇಲೆ ಹುಡುಗಿ ಸ್ಕೂಲು ತಪ್ಪಿಸಲು ನಾಟಕ ಆಡುತ್ತಾಳೆ ಎಂದರಂತೆ. ಮಾತ್ರೆ ಬದಲಾಯಿಸಿದರೂ ಮೂರ್ಛೆ ನಿಲ್ಲಲಿಲ್ಲ. ಸ್ಕೂಲು ನಿಂತಿತು.

ಎರಡನೆಯ ಸಲ ಬಂದಾಗ ಅವಳು ದೊಡ್ಡವಳಾಗಿದ್ದಳು. ಹುಬ್ಬಿನ ಮೇಲೊಂದು, ಗಲ್ಲದ ಮೇಲೊಂದು ಬಿದ್ದ ಗಾಯದ ಕಲೆ. ತಾಯಿಯ ಕೈ ಅದೇ ಮಣಿಕಟ್ಟಿನ ಮೇಲೆ. ಒಳಗೆ ಹೋಗುವ ಮೊದಲು ಬಟ್ಟೆ ಬದಲಾಯಿಸಲು ಒಂದು ಪುಟ್ಟ ಕೋಣೆ ಇತ್ತು. ರಾಜಮ್ಮ ಅಲ್ಲಿಗೂ ಜೊತೆಯಲ್ಲಿ ಹೊರಟರು. ಮಂಗಳ ನನ್ನ ಕಡೆ ತಿರುಗಿ ಪಿಸುಮಾತಿನಲ್ಲಿ ಕೇಳಿದಳು.

“ಸಿಸ್ಟರ್, ಇದ್ರ ಬಾಗ್ಲು ಹಾಕ್ಕಬೋದಾ?”

“ಬ್ಯಾಡ, ಬ್ಯಾಡ,” ಎಂದರು ರಾಜಮ್ಮ. “ಒಳಗ ಬಿದ್ದೋದ್ರ? ಮನೇಲಿ ಬಚ್ಚಲ್ಗೂ ಚಿಲ್ಕ ಇಲ್ಲ ಕಣವ್ವ, ಕೀಳ್ಸಾಕಿದ್ದೀನಿ.”

ನಾನು ಬಾಗಿಲಿಗೆ ಆತುಕೊಂಡೇ ನಿಲ್ಲುತ್ತೇನೆ ಎಂದು ಮಾತು ಕೊಟ್ಟ ಮೇಲೆ ಒಪ್ಪಿದರು. ಒಳಗೆ ಚಿಲಕ ಬಿದ್ದ ಸದ್ದು ಕೇಳಿಸಿತು. ಬಟ್ಟೆ ಬದಲಾಯಿಸಲು ಎಷ್ಟು ಹೊತ್ತು ಬೇಕು? ಅವಳು ಬರಲಿಲ್ಲ. ರಾಜಮ್ಮನ ಮುಖ ಬಿಳಿಚಿಕೊಂಡಿತು. “ಮಂಗ್ಳಾ” ಎಂದು ಬಾಗಿಲು ಬಡಿದರು. ಒಳಗಿನಿಂದ ಸಮಾಧಾನದ ದನಿ ಬಂತು:

“ಇದ್ದೀನಿ ಕಣವ್ವ. ಸುಮ್ನ ಕುಂತಿದ್ದೀನಿ.”

ಹೊರಗೆ ಬಂದಾಗ ಅವಳ ಮುಖದಲ್ಲಿದ್ದ ಬೆಳಕು ನನಗೆ ಇಂದಿಗೂ ನೆನಪಿದೆ. ಒಂದು ಸ್ಟೂಲು, ಒಂದು ಗೂಟ, ಗಾಳಿಯಾಡದ ಆ ಗೂಡಿನಲ್ಲಿ ಅವಳು ಏನನ್ನು ಉಂಡು ಬಂದಳೋ.

ಅವತ್ತಿನ ಸ್ಕ್ಯಾನು ಅರ್ಧಕ್ಕೇ ನಿಂತಿತು. ಗಾಜಿನಾಚೆ ಎಡಗಾಲು ಸೆಟೆದುಕೊಂಡದ್ದನ್ನು ಕಂಡೆ. ಸ್ಕ್ಯಾನು ನಿಲ್ಲಿಸಿ ಓಡಿದೆ. ಹಲಗೆಯನ್ನು ಹೊರಗೆಳೆದು, ತಲೆಗೆ ತೊಡಿಸಿದ್ದ ಪಂಜರ ತೆಗೆದು, ಅವಳನ್ನು ಪಕ್ಕಕ್ಕೆ ಹೊರಳಿಸುವಷ್ಟರಲ್ಲಿ ನನ್ನ ಹಿಂದೆಯೇ ರಾಜಮ್ಮ ನುಗ್ಗಿ ಬಂದರು. ಕೈಯಲ್ಲಿ ಗಿರಣಿಯ ಬೀಗದ ಕೈ ಗೊಂಚಲು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ.

“ಬರಬ್ಯಾಡಿ” ಎಂದು ಕೂಗಿದೆ; ಸ್ಕ್ಯಾನು ನಿಲ್ಲಿಸಿದರೂ ಯಂತ್ರದ ಅಯಸ್ಕಾಂತ ನಿಲ್ಲುವುದಿಲ್ಲ. ಅಷ್ಟರಲ್ಲಿ ಗೊಂಚಲು ಅವರ ಕೈಯಿಂದ ಕಿತ್ತುಕೊಂಡು ನನ್ನ ಕಿವಿಯ ಪಕ್ಕದಲ್ಲೇ ಹಾರಿ, ಅಯಸ್ಕಾಂತದ ಬಾಯಿಗೆ ಠಣ್ ಎಂದು ಬಡಿದು ಅಂಟಿಕೊಂಡಿತು. ಒಂದು ಗೇಣು ಈಚೆ ಬಂದಿದ್ದರೆ ಮಂಗಳಾಳ ಹಣೆ.

ಮಗಳು ಉಸಿರು ಸರಿಮಾಡಿಕೊಂಡು ಕಣ್ಣು ಬಿಟ್ಟಳು. ರಾಜಮ್ಮ ತಮ್ಮ ಖಾಲಿ ಕೈಯನ್ನೂ ಯಂತ್ರವನ್ನೂ ನೋಡಿದರು.

“ಇದ್ಯಾವ ದ್ಯಾವ್ರವ್ವ, ಕೈಲಿದ್ದುದ್ನೇ ಕಿತ್ಕತ್ತಲ್ಲ!”

ಆ ಗಾಬರಿಯಲ್ಲೂ ನನಗೆ ನಗು ಬಂತು. ಮ್ಯಾನೇಜರು ನಗಲಿಲ್ಲ. ಯಂತ್ರಕ್ಕೆ ಪೆಟ್ಟಾಗಿದೆಯೇ ಎಂದು ಪರೀಕ್ಷಿಸುವವರೆಗೂ ಕೆಲಸ ನಿಂತಿತು, ನನ್ನನ್ನು ನಿಲ್ಲಿಸಿ ಬೈದರು. ಅಂದಿನಿಂದ ರೋಗಿಯ ಒಡವೆ, ಉಡಿದಾರ, ತಾಯಿತ ಬಿಚ್ಚಿಸಿದಷ್ಟೇ ಗಟ್ಟಿಯಾಗಿ ಜೊತೆಗೆ ಬಂದವರ ಕೈ, ಸೊಂಟವನ್ನೂ ನೋಡತೊಡಗಿದೆ. ಮೂರ್ಛೆಯವರ ಮನೆಯವರಿಗೆಲ್ಲ ಹೇಳತೊಡಗಿದೆ: ಕೈಗೆ ಕಬ್ಬಿಣ ಬೇಡ, ಬಾಯಿಗೆ ಏನೂ ತುರುಕಬೇಡಿ, ಪಕ್ಕಕ್ಕೆ ಮಲಗಿಸಿ ಹತ್ತಿರವೇ ಇರಿ, ಬೇಗ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆತನ್ನಿ. ಈ ಕೆಲಸಕ್ಕೆ ಬರುವ ನೀವೂ ಹೇಳಿ. ಕಂಪ್ಯೂಟರು ಅದನ್ನು ಹೇಳುವುದಿಲ್ಲ.

ಸಿಕ್ಕಿದ ಅರ್ಧ ಚಿತ್ರಗಳಲ್ಲೂ ಏನೂ ಕಾಣಲಿಲ್ಲ. ಮತ್ತೆ ನಾರ್ಮಲ್.

ಕಾಲ ಸರಿಯಿತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ನಂಜುಂಡಯ್ಯನವರು ಕೆಲಸ ಬಿಟ್ಟರು. ಬೆಳಕಿನ ಪೆಟ್ಟಿಗೆ ಗೋಡೆಯಿಂದ ಕಳಚಿ ಉಗ್ರಾಣ ಸೇರಿತು. ನಾವು ತೆಗೆದ ಚಿತ್ರಗಳು ಕಂಪ್ಯೂಟರಿನಲ್ಲಿ ಮೈಸೂರಿಗೆ ಹೋಗಿ, ಮುಖ ಕಾಣದ ಯಾರೋ ಬರೆದ ರಿಪೋರ್ಟು ಸಂಜೆಗೆ ಬರುತ್ತಿತ್ತು. ಕೆಲಸ ಚುರುಕಾಯಿತು, ನಿಜ. ಆದರೆ “ಬಾ ಸರೋಜಮ್ಮ, ಇದನ್ನ ನೋಡು” ಎನ್ನುವವರು ಇಲ್ಲವಾದರು. ಕೆಲವು ಸಂಜೆ ಕಾಫಿ ಕುಡಿಯುತ್ತ ಖಾಲಿ ಗೋಡೆಯ ಮೊಳೆಗಳನ್ನು ನೋಡುತ್ತ ಕೂರುತ್ತಿದ್ದೆ.

ನನ್ನ ಸೇವೆಯ ಕೊನೆಯ ಕಾಲದಲ್ಲಿ ನರರೋಗದ ಡಾಕ್ಟರ್ ಶೈಲಜಾ ತಿಂಗಳಿಗೊಮ್ಮೆ ಕೊಳ್ಳೇಗಾಲಕ್ಕೆ ಬರತೊಡಗಿದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂರ್ಛೆಯವರ ಮಿದುಳಿನ ಚಿತ್ರಗಳನ್ನು ತಾನೇ ಓದುವ ಒಂದು ಸಾಫ್ಟ್‌ವೇರನ್ನು ಪರೀಕ್ಷಿಸುತ್ತಿದ್ದರು. ರೋಗಿ ಒಪ್ಪಿದರೆ ನಮ್ಮ ಚಿತ್ರಗಳನ್ನೂ ಕಳಿಸಬಹುದಿತ್ತು. ಅದು ಮಾಡುತ್ತಿದ್ದದ್ದೇನೆಂದು ಅವರು ವಿವರಿಸಿದಾಗ ನನಗೆ ಹೊಸದೆನಿಸಲಿಲ್ಲ. ಎಡವನ್ನು ಬಲಕ್ಕೆ ಹೋಲಿಸುತ್ತದೆ. ಮಿದುಳಿನ ಹೊರಪದರದ ದಪ್ಪವನ್ನು ಮೂಲೆಮೂಲೆಯಲ್ಲೂ ಅಳೆಯುತ್ತದೆ. ಆರೋಗ್ಯವಂತರ ಮಿದುಳಿನೊಂದಿಗೆ ತಾಳೆ ಹಾಕಿ ಅನುಮಾನ ಬಂದ ಕಡೆ ಕೆಂಪು ಬಳಿಯುತ್ತದೆ. ನಂಜುಂಡಯ್ಯನವರ ಅವಳಿ ಮನೆಯೇ. ಆದರೆ ಇದಕ್ಕೆ ಆಯಾಸವಿಲ್ಲ.

ಅದಕ್ಕೆ ಬೇಕಾದದ್ದು ಹಾಳೆಯಷ್ಟು ತೆಳು ಪದರದ ಚಿತ್ರಗಳು. ಹಳೆಯ ಸ್ಕ್ಯಾನಿನ ದಪ್ಪ ಪದರಗಳು ನಡೆಯುತ್ತಿರಲಿಲ್ಲ. ರೋಗಿ ಬಹಳ ಹೊತ್ತು ಅಲುಗದೆ ಮಲಗಬೇಕು. “ಒಂದೇ ತಲೆಗೆ ಇಷ್ಟೊತ್ತಾ? ಹೊರಗೆ ಕ್ಯೂ ನೋಡಿ ಮೇಡಂ,” ಎಂದು ಮ್ಯಾನೇಜರು ಬಾಗಿಲಲ್ಲಿ ಇಣುಕುತ್ತಿದ್ದರು. ನಾನು ಕೇಳಿಸದವಳಂತೆ ಇರುತ್ತಿದ್ದೆ.

ಮೊದಮೊದಲು ಪರೀಕ್ಷೆಗೆಂದು ಆರೋಗ್ಯವಂತರ ಚಿತ್ರಗಳೂ ಬೇಕಾದವು. ನಾನೇ ಹೋಗಿ ಮಲಗಿದೆ. ಬಂದ ಚಿತ್ರದಲ್ಲಿ ನನ್ನ ಎಡಕಿವಿಯ ಮೇಲ್ಗಡೆ ಒಂದು ಕೆಂಪು ಚುಕ್ಕೆ! ಒಂದು ದಿನವೂ ಮೂರ್ಛೆ ಕಾಣದ ನನಗೆ ಅಂದು ಊಟ ಬೇಡವಾಯಿತು. ಕೈ ಎತ್ತಿದರೂ ತಾನಾಗಿ ಎದ್ದಿತೇ ಎಂದು ಅನುಮಾನ. ಡಾಕ್ಟರ್ ಶೈಲಜಾ ಬಂದು ನೋಡಿ ನಕ್ಕರು.

“ಇದು ರಕ್ತನಾಳ ಸರೋಜಮ್ಮ. ಅದು ತಪ್ಪು ತಿಳ್ಕೊಂಡಿದೆ. ಇಲ್ಲಿ ನೋಡಿ ಅಂತ ಮಾತ್ರ ಅದು ಹೇಳೋದು. ಇದೇ ರೋಗ ಅಂತ ಹೇಳೋಕೆ ನಾವಿದ್ದೀವಿ.”

ಯಾರಾದರೂ ಕೆಂಪು ಚುಕ್ಕೆ ಕಂಡು ನಿಮ್ಮ ಮುಂದೆ ಹೆದರಿದರೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಹೆದರಿಕೆ ಏನೆಂದು ನಾನು ಉಂಡು ಬಲ್ಲೆ.

ಮಾತ್ರೆಗೆ ಬಗ್ಗದ, ಸ್ಕ್ಯಾನಿನಲ್ಲಿ ಏನೂ ಕಾಣದ ಮೂರ್ಛೆಯವರು ಯಾರಾದರೂ ನೆನಪಿದ್ದಾರೆಯೇ ಎಂದು ಡಾಕ್ಟರ್ ಶೈಲಜಾ ಕೇಳಿದಾಗ ನನ್ನ ಬಾಯಿಗೆ ಮೊದಲು ಬಂದ ಹೆಸರು ಮಂಗಳ. ಫೋನ್ ನಂಬರು ಬದಲಾಗಿತ್ತು. ಹನೂರಿನ ಬಸ್ಸಿನ ಕಂಡಕ್ಟರಿಗೆ ಆ ಗಿರಣಿ ಗೊತ್ತಿತ್ತು. ಅವರ ಮೂಲಕ ಹೇಳಿಕಳಿಸಿದೆ. ರಾಜಮ್ಮ ಫೋನು ಮಾಡಿದರು.

“ಇನ್ನೊಂದ್ಸಲ ನಾರ್ಮಲ್ ಅನ್ನಿಸ್ಕಳಕ ಅಷ್ಟು ದೂರ ಬರ್ಬೇಕಾ ಸಿಸ್ಟ್ರವ್ವ?”

“ಬನ್ನಿ ರಾಜಮ್ಮ. ಸಿಕ್ಕೇ ಸಿಗ್ತದೆ ಅಂತ ನಾನು ಹೇಳಲ್ಲ. ಹೊಸ ಥರ ಹುಡುಕ್ತಾರೆ.”

ಆ ಕಡೆ ಫೋನು ಕೈ ಬದಲಾಯಿತು. ಆಮೇಲೆ ಮಂಗಳಾಳ ದನಿ: “ಬತ್ತೀವಿ ಸಿಸ್ಟರ್.”

ಬಂದರು. ಓರಗೆಯ ಹೆಣ್ಣುಮಕ್ಕಳು ಮಕ್ಕಳನ್ನು ಸ್ಕೂಲಿಗೆ ಕಳಿಸುವ ವಯಸ್ಸು ಮಂಗಳಾಳಿಗೆ. ರಾಜಮ್ಮನ ಕೂದಲು ಹಣ್ಣಾಗಿತ್ತು. ಕೇಳುವ ಮೊದಲೇ ಸೊಂಟದ ಗೊಂಚಲು ತೆಗೆದು ನನ್ನ ಮೇಜಿನ ಮೇಲಿಟ್ಟರು. ಅವತ್ತು ನಾನು ಪ್ರತಿ ಹಂತದ ನಡುವೆಯೂ ಮೈಕಿನಲ್ಲಿ ಮಾತಾಡಿಸಿದೆ. ಮಂಗಳಾಳ ಅಂಗಾಲುಗಳು ಎರಡು ಕಲ್ಲಿನಂತೆ ನಿಶ್ಚಲವಾಗಿದ್ದವು. ಅಷ್ಟು ಅಲುಗದೆ ಮಲಗಿದವರನ್ನು ನಾನು ನೋಡಿಲ್ಲ.

ಫಲಿತಾಂಶ ಬಂದ ದಿನ ಡಾಕ್ಟರ್ ಶೈಲಜಾ ನನ್ನನ್ನು ಕರೆದರು. ಬಲಗಡೆ, ಹಣೆಯ ಹಿಂದೆ, ಮಿದುಳಿನ ಒಂದು ಮಡಿಕೆಯ ತಳದಲ್ಲಿ ಒಂದೇ ಒಂದು ಕೆಂಪು ಚುಕ್ಕೆ. ಸಿಕ್ಕಿತು ಎನ್ನಲು ಹೊರಟವಳು ನನ್ನದೇ ಚುಕ್ಕೆ ನೆನಪಾಗಿ ತಡೆದುಕೊಂಡೆ. ಅವರು ಬಣ್ಣ ತೆಗೆದು ಬರಿಯ ಚಿತ್ರವನ್ನು ದೊಡ್ಡದು ಮಾಡಿದರು. ಬೇರೆ ಕಡೆಯೆಲ್ಲ ಹೊರಪದರದ ಅಂಚು ಗೆರೆ ಎಳೆದಂತಿದೆ. ಅಲ್ಲಿ ಮಾತ್ರ ಪದರ ಒಂದಿಷ್ಟು ದಪ್ಪ, ಅಂಚು ಕದಡಿದೆ, ಕೆರೆಯ ದಡದಲ್ಲಿ ನೀರಿಗೆ ಮಣ್ಣು ಬೆರೆತ ಹಾಗೆ. ಹುಟ್ಟುವ ಮೊದಲೇ ಆ ಜಾಗ ಹಾಗೆ ಬೆಳೆದಿತ್ತಂತೆ. ಒಮ್ಮೆ ಕಂಡ ಮೇಲೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ತಾಯಿ ಮಗಳನ್ನು ಕೂರಿಸಿ ತೋರಿಸಿದರು. ಮಂಗಳ ಪರದೆಗೆ ಬೆರಳು ತಾಗಿಸಿ ನನ್ನ ಕಡೆ ತಿರುಗಿದಳು.

“ಇಷ್ಟೇನಾ ಸಿಸ್ಟರ್? ಇಷ್ಟುಕ್ಕಾ ಇಷ್ಟ್ ವರ್ಸ?”

ರಾಜಮ್ಮ ಕೇಳಿದ್ದು ಬೇರೆ. “ಅಂದ್ರ ನನ್ ಮಗ್ಳು ನಾಟ್ಕ ಆಡ್ತಿರ್ನಿಲ್ಲ ಅಲ್ವಾ ಡಾಕ್ಟ್ರವ್ವ? ಇದ ಬರ್ದು ಕೊಡಿ. ಊರ್ಲಿ ಮನಮನಗೂ ತೋರುಸ್ಬೇಕು.” ಅಷ್ಟು ಹೇಳಿ, ಎರಡು ನಾರ್ಮಲ್‌ಗಳಿಗೆ ಸೇರಿಸಿ ಒಟ್ಟಿಗೆ ಅತ್ತುಬಿಟ್ಟರು.

ಬೆಂಗಳೂರಿನಲ್ಲಿ ಇನ್ನೂ ಹಲವು ಪರೀಕ್ಷೆಗಳಾದವು. ತಲೆಗೆ ತಂತಿಗಳನ್ನು ಅಂಟಿಸಿ, ಹಗಲೂ ರಾತ್ರಿ ಕ್ಯಾಮೆರಾ ಇಟ್ಟು, ಮೂರ್ಛೆ ಶುರುವಾಗುವ ಜಾಗವನ್ನು ನೋಡಿದರು. ಅದೂ ಅಲ್ಲಿಗೇ ಬಂತು. ಆಪರೇಷನ್ನಿನಲ್ಲಿ ಎಡಗೈಯ ಬಲ ಕುಗ್ಗಬಹುದು ಎಂದು ಎಚ್ಚರಿಸಿದರಂತೆ. ರಾಜಮ್ಮ ಹಿಂಜರಿದರು. ಒಪ್ಪಿದವಳು ಮಂಗಳ.

ಆಪರೇಷನ್ ಸುಸೂತ್ರವಾಯಿತು ಎಂಬ ಸುದ್ದಿ ಬಂದ ಸಂಜೆ ನಾನು ಯಳಂದೂರಿನ ಬಸ್ಸು ಹತ್ತದೆ ನಂಜುಂಡಯ್ಯನವರ ಮನೆಗೆ ಹೋದೆ. ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಹೊಯ್ದಾಡಿದೆ. ಅವರಿಗೆ ಆ ಹೊತ್ತಿಗೆ ಬೆಳಕು ಕತ್ತಲೆಗಿಂತ ಹೆಚ್ಚಿಗೆ ಏನೂ ಕಾಣುತ್ತಿರಲಿಲ್ಲ. ದನಿಯಿಂದಲೇ ಗುರುತು ಹಿಡಿದರು.

“ಸಾರ್, ಹನೂರಿನ ಕಡೆಯ ಮಂಗಳ ಅಂತ ಒಬ್ಬ ಹುಡುಗಿ...”

“ಗಿರಣಿಯವರ ಮಗಳು. ಎಡಗೈ ಮೇಲೇಳ್ತಿತ್ತು.” ತಡವರಿಸದೆ ಹೇಳಿದರು. “ಸಿಕ್ತಾ?”

“ಸಿಕ್ತು ಸಾರ್.”

“ಎಲ್ಲಿ?”

ಹೇಳಿದೆ. ಅವರಿಗೆ ಸಾಲಲಿಲ್ಲ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ತಲೆ ತಗ್ಗಿಸಿದರು. “ತೋರಿಸು.”

ಎಷ್ಟೋ ತಲೆಗಳನ್ನು ಹಿಡಿದು ಯಂತ್ರದಲ್ಲಿ ಸರಿಯಾಗಿಟ್ಟಿದ್ದ ನನ್ನ ಕೈ ಅವರ ತಲೆ ಮುಟ್ಟಲು ಅಳುಕಿತು. ಬಲಗಡೆ, ಹಣೆಯ ಮೇಲ್ಗಡೆ ಬೆರಳಿಟ್ಟೆ. ಅವರು ತಮ್ಮ ಕೈಯನ್ನು ನನ್ನ ಬೆರಳಿನ ಮೇಲಿಟ್ಟು ಒತ್ತಿ ಹಿಡಿದರು.

“ಇಲ್ಲೇ. ಇಲ್ಲೇ ನಾನು ನೋಡ್ತಾ ಇದ್ದದ್ದು.”

“ಆಗಿನ ದಪ್ಪ ಪದರದಲ್ಲಿ ಅದು ಕಾಣೋ ಹಾಗೇ ಇರಲಿಲ್ಲ ಸಾರ್. ಎರಡರ ನಡುವೆ ಬಿದ್ದುಹೋಗಿತ್ತು.”

“ಇರಬಹುದು. ಅದಕ್ಕಲ್ಲ.” ನನ್ನ ಬೆರಳು ಬಿಡದೆಯೇ ಹೇಳಿದರು: “ಈಗ ಒಂದೇ ಒಂದು ಸಲ ನೋಡಬೇಕು ಅನ್ನಿಸ್ತಿದೆ ಸರೋಜಮ್ಮ.”

ಅಂಚು ಹೇಗಿತ್ತು, ಎಷ್ಟು ದಪ್ಪ, ಎಡಗಡೆಯ ಅದೇ ಮಡಿಕೆ ಹೇಗಿತ್ತು ಎಂದು ಒಂದೊಂದಾಗಿ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಬೆಳಕಿನ ಪೆಟ್ಟಿಗೆಯ ಮುಂದೆ ಇರುತ್ತಿದ್ದ ಹಾಗೇ ಆಯಿತು.

ಅದಾದ ಮೇಲೆ ನಾನೂ ನಿವೃತ್ತಳಾದೆ. ಹಾರ, ಶಾಲು, ಫೋಟೋ ಎಲ್ಲ ಆಯಿತು, ಅದರ ಮಾತು ಬೇಡ. ಮನೆಯಲ್ಲಿ ಮೊದಲು ಕಾಡಿದ್ದು ನಿಶ್ಶಬ್ದ. ಆ ಯಂತ್ರದ ಕುಟ್ಟುವ ಸದ್ದಿಗೆ ಇಡೀ ಬದುಕು ಬೈದುಕೊಂಡಿದ್ದೆ. ಈಗ ಮಧ್ಯಾಹ್ನ ಮಲಗಿದರೆ ಅದಿಲ್ಲದೆ ನಿದ್ದೆ ಹತ್ತುವುದಿಲ್ಲ. “ನಾನು ಇಲ್ಲೇ ಇದ್ದೀನಿ” ಎಂದು ಯಾರಿಗೆ ಹೇಳಲಿ?

ಕಳೆದ ಬೇಸಿಗೆಗೆ ಮುಂಚೆ ತಾಯಿ ಮಗಳು ಯಳಂದೂರಿಗೆ ಬಂದರು. ಮೂರ್ಛೆ ಮರಳಿರಲಿಲ್ಲ. ಎಡಗೈ ಹಿಡಿತ ಸ್ವಲ್ಪ ಸಡಿಲ, ಮಾತ್ರೆ ಇನ್ನೂ ನಡೆಯುತ್ತಿದೆ. ಮಂಗಳ ಗಿರಣಿಯ ವ್ಯವಹಾರ ನೋಡಿಕೊಳ್ಳುತ್ತಾಳಂತೆ. ಬಸ್ಸಿನಿಂದ ಇಳಿದು ಬಂದದ್ದನ್ನು ದೂರದಿಂದಲೇ ನೋಡಿದೆ. ಮಗಳು ಮುಂದೆ, ತಾಯಿ ಹಿಂದೆ. ರಾಜಮ್ಮನ ಬಲಗೈ ಏನನ್ನೂ ಹಿಡಿಯದೆ ಸುಮ್ಮನೆ ತೂಗುತ್ತಿತ್ತು.

ಮಗಳು ಹಿತ್ತಲಿಗೆ ಹೋದಾಗ ಮೆಲ್ಲಗೆ ಹೇಳಿದರು:

“ಬ್ಯಾರೆ ಕ್ವಾಣೆಲಿ ಮಲಗ್ತಾಳ ಕಣ ಸಿಸ್ಟ್ರವ್ವ. ಮೊದ್ಲು ಅವ್ಳು ಉಸ್ರಾಡದ ಕೇಳ್ತಾ ಮಲಗ್ತಿದ್ದೆ. ಈಗ ಗ್ವಾಡೆಗ ಕಿವಿ ಕೊಟ್ಕಂಡು ಮಲಗ್ತೀನಿ. ಸಂತೋಸ್ವೇಯ. ಆದ್ರ ನಂಗೇನ್ ಕೆಲ್ಸ ಅಂತ ಗೊತ್ತಾಗಕಿಲ್ಲ.”

ಊಟವಾದ ಮೇಲೆ ಊರ ಹೊರಗಿನ ಕಾಲುವೆಯ ಕಡೆ ನಡೆದೆವು. ನೀರು ತಿಳಿಯಾಗಿ ಮೊಣಕಾಲುದ್ದ ಹರಿಯುತ್ತಿತ್ತು. ಮಂಗಳ ಚಪ್ಪಲಿ ಬಿಟ್ಟಳು. “ಅವ್ವ, ಇಳಿತೀನಿ” ಎಂದಳು. ಕೇಳಿದ್ದಲ್ಲ, ಹೇಳಿದ್ದು. ಈಜುವುದು ಬೇಡ ಎಂದಿದ್ದರು ಬೆಂಗಳೂರಿನ ಡಾಕ್ಟರು. ಮೊಣಕಾಲುದ್ದದ ನೀರಿನ ಮಾತು ಯಾರೂ ಎತ್ತಿರಲಿಲ್ಲ. ಬೆಂಕಿ, ನೀರು ಎಂದರೆ ಬೆಚ್ಚಿಬೀಳುತ್ತಿದ್ದ ರಾಜಮ್ಮ ಕಾಲುವೆಗೆ ಬೆನ್ನು ಹಾಕಿ, ರಸ್ತೆಯ ಕಡೆ ಮುಖ ಮಾಡಿ ನಿಂತುಬಿಟ್ಟರು.

ನಾನು ನೋಡುತ್ತ ನಿಂತೆ. ಅವಳ ಕಾಲು, ಕುತ್ತಿಗೆ, ಎಡಗೈ. ಅಷ್ಟು ವರ್ಷದ ಅಭ್ಯಾಸ.

“ಏನ್ ಮಾಡ್ತಾವ್ಳೆ ಯೋಳವ್ವ,” ಎಂದರು ರಾಜಮ್ಮ, ತಿರುಗದೆ.

“ಸೀರೆ ಎತ್ತಿಕೊಂಡು ನಡೀತಾವ್ಳೆ ಕಣ್ರಿ. ಗಟ್ಟಿಯಾಗೇ ನಡೀತಾಳೆ.”

“ಈಗ?”

“ನಿಂತ್ಕೊಂಡ್ಳು. ಮುಖ ತೊಳ್ಕೋತಾವ್ಳೆ.”

“ಈ ಕಡ ನೋಡ್ತಾವ್ಳ?”

ನೋಡುತ್ತಿರಲಿಲ್ಲ. ನೀರಿನ ನಡುವಿನ ಕಲ್ಲಿನ ಮೇಲೆ ನಮಗೆ ಬೆನ್ನು ಹಾಕಿ ಕುಳಿತಿದ್ದಳು. ಎರಡೂ ಕಾಲು ನೀರಿನಲ್ಲಿದ್ದವು. ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳೇನೋ, ತಲೆ ಮೆಲ್ಲಗೆ ತೂಗುತ್ತಿತ್ತು.

“ಇಲ್ಲ ರಾಜಮ್ಮ. ಸುಮ್ನೆ ಕೂತವ್ಳೆ. ಕರೀಲಾ?”

ರಾಜಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆದರೂ ಹಿಂತಿರುಗಲಿಲ್ಲ.

“ಬ್ಯಾಡ ಬುಡವ್ವ. ಇನ್ನೊಸಿ ವತ್ತು ಇರ್ಲಿ.”